ಹಬ್ಬಗಳೆಲ್ಲ ಒಂದೆಯೆ?

ಸೌಹಾರ್ದದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹಬ್ಬಗಳ ಹೆಸರು ಬೇರೆ, ತಿರುಳು ಒಂದೇ. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಅಧ್ಯಕ್ಷರು ತಲೆದೂಗುತ್ತಾರೆ. ಆಡಿದವರ ಮನಸ್ಸು ಒಳ್ಳೆಯದೇ. ಮಾತು ನಿಜವೆ? ಈಸ್ಟರ್ ಹಬ್ಬವನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ನನಗೆ ಸಂಶಯ ಹುಟ್ಟುತ್ತದೆ.

ಹೋಲಿಕೆಗಳಿಗೇನೋ ಕೊರತೆಯಿಲ್ಲ. ಈಸ್ಟರಿನ ದಿನವನ್ನು ಗೊತ್ತುಮಾಡುವವನು ಚಂದ್ರ. ಮಾರ್ಚ್ ೨೧ರಂದು ಅಥವಾ ಅನಂತರ ಬರುವ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಇದು ಸ್ಥೂಲವಾದ ಲೆಕ್ಕ. ೧೫೮೨ರ ಪಂಚಾಂಗ ಸುಧಾರಣೆಯನ್ನು ಈ ಲೆಕ್ಕಕ್ಕೆ ಒಪ್ಪದ ಪೂರ್ವದೇಶದ ಅನೇಕ ಕ್ರೈಸ್ತ ಸಭೆಗಳು ಹಳೆಯ ಗಣಿತವನ್ನೇ ಹಿಡಿದು ಎಷ್ಟೋ ವರ್ಷ ಬೇರೆ ಭಾನುವಾರ ಹಬ್ಬ ಮಾಡುತ್ತವೆ. ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರದು ಮರುದಿನ ಆಗುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನು? ಗ್ರೀಕರು ಕೆಂಪು ಬಣ್ಣದ ಮೊಟ್ಟೆಗಳನ್ನು ಒಂದಕ್ಕೊಂದು ತಾಗಿಸಿ ಒಡೆಯುತ್ತಾರೆ. ಪೋಲೆಂಡಿನಲ್ಲಿ ಮರುದಿನ ಸೋಮವಾರ ಓಕುಳಿಯಂತೆ ನೀರೆರಚಾಟ. ಹಲವು ಭಾಷೆಗಳಲ್ಲಿ ಹಬ್ಬದ ಹೆಸರೇ ಯೆಹೂದ್ಯರ ‘ಪೆಸಾಖ್’ನಿಂದ ಬಂದದ್ದು, ನಮ್ಮ ಕೊಂಕಣಿ ಕ್ರೈಸ್ತರ ಬಾಯಲ್ಲಿ ಅದು ‘ಪಾಸ್ಕ’.

ಶಿರಸಿಯವರಿಗೆ ಇನ್ನೂ ಹತ್ತಿರದ ಹೋಲಿಕೆಯೊಂದಿದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ: ಅಮ್ಮನಿಗೆ ಮದುವೆ, ರಥೋತ್ಸವ, ಬಿಡಕಿಬೈಲಿನ ಗದ್ದುಗೆ, ಕೊನೆಗೆ ಚಪ್ಪರಕ್ಕೆ ಬೆಂಕಿ. ಆಮೇಲೆ ಯುಗಾದಿಯವರೆಗೆ ಗುಡಿಯಲ್ಲಿ ಅಮ್ಮನ ದರ್ಶನವಿಲ್ಲ, ಯುಗಾದಿಯಂದು ಪುನಃಪ್ರತಿಷ್ಠೆ. ೨೦೨೪ರಲ್ಲಿ ಜಾತ್ರೆ ಮಾರ್ಚಿಯಲ್ಲಿ ಮುಗಿಯಿತು, ಯುಗಾದಿ ಏಪ್ರಿಲ್ ೯ಕ್ಕೆ ಬಂತು. ನಡುವೆ ಮಾರ್ಚ್ ೩೧ರಂದು ಈಸ್ಟರ್. ಅಮ್ಮ ಗುಡಿಯಲ್ಲಿಲ್ಲದ ದಿನಗಳಲ್ಲಿಯೇ ಊರಿನ ಇಗರ್ಜಿಯಲ್ಲಿ ಬರಿದಾದ ಸಮಾಧಿಯ ಕಥೆಯನ್ನು ಓದಿದರು.

ಇದನ್ನು ಕಂಡೊಡನೆ ‘ನೋಡಿ, ಎರಡೂ ಒಂದೇ’ ಎನ್ನುವ ಆಸೆಯಾಗುತ್ತದೆ. ಅಲ್ಲಿಯೇ ನಾವು ತಡೆಯಬೇಕು. ಅಮ್ಮ ಹೋಗುವುದು, ಬರುವುದು ಋತುವಿನ ಹಾಗೆ. ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಕ್ರೈಸ್ತನು ಹೇಳುವುದು ಬೇರೆ. ಪಿಲಾತನೆಂಬ ಅಧಿಕಾರಿಯ ಕಾಲದಲ್ಲಿ, ಜೆರುಸಲೇಮೆಂಬ ಊರಿನಲ್ಲಿ, ಮರಣದಂಡನೆಗೆ ಗುರಿಯಾದ ಒಬ್ಬನು ಸತ್ತು ಎದ್ದನು, ಒಂದೇ ಸಲ. ಅದು ನಡೆಯಲಿಲ್ಲವಾದರೆ ನಂಬಿಕೆಯೇ ವ್ಯರ್ಥವೆಂದು ಸಂತ ಪೌಲನೇ ಬರೆದಿದ್ದಾನೆ. ಇದನ್ನು ‘ವಸಂತದ ಚಿಗುರಿನ ಸಂಕೇತ’ ಎಂದು ನಾವು ಹೊಗಳಿದರೆ ಹೊಗಳಿಕೆಯ ಹೆಸರಿನಲ್ಲಿ ಅವರ ಮುಖ್ಯವಾದ ಮಾತನ್ನೇ ಕಿತ್ತುಕೊಂಡಂತಾಯಿತು. ಆಸ್ಟ್ರೇಲಿಯದಲ್ಲಿ ಈಸ್ಟರ್ ಬರುವುದು ಶರತ್ಕಾಲದಲ್ಲಿ, ಅಲ್ಲಿ ಚಿಗುರೆಲ್ಲಿಯದು? ಹಾಗೆಯೇ, ಅಮ್ಮನ ಜಾತ್ರೆ ‘ನಿಮ್ಮ ಈಸ್ಟರ್’ ಎಂದು ಯಾರಾದರೂ ಹೇಳಿದರೆ ಹರಕೆ ಹೊತ್ತು ಬಂದ ಸಿದ್ದಾಪುರದ ಮುದುಕಿ ಒಪ್ಪುವಳೆ? ನೆರೆಯವನು ನಂಬಿದ್ದನ್ನು ಅವನು ನಂಬಿದಂತೆಯೇ ಕೇಳಿಕೊಳ್ಳದೆ, ನಮಗೆ ಒಗ್ಗುವಂತೆ ತಿದ್ದಿಕೊಂಡು ಪ್ರೀತಿಸುವುದು ಎಂಥ ಪ್ರೀತಿ?

ಹಾಗಾದರೆ ಕೂಡಿ ಬಾಳುವುದು ಯಾವುದರ ಮೇಲೆ ಎಂದು ಕೇಳಬಹುದು. ಪ್ರಶ್ನೆ ಹಗುರವಾದುದಲ್ಲ. ಭೇದವನ್ನು ಎತ್ತಿ ತೋರಿಸಿ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಭಯದಿಂದಲೇ ಸಜ್ಜನರು ‘ಎಲ್ಲ ಒಂದೇ’ ಎಂಬ ಮಾತಿನ ಮರೆಗೆ ಸರಿಯುತ್ತಾರೆ. ಆದರೆ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳನ್ನು ನೋಡಿ. ಆಫ್ರಿಕದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ದೇವರೆಲ್ಲ ಒಂದೇ ಎಂದು ಮೊದಲು ತೀರ್ಮಾನಿಸಿ, ಆಮೇಲೆ ನಂಟರಾದವರಲ್ಲ ಇವರು. ಈಸ್ಟರಿನಂದು ಪೂಜೆಗೆ ಹೋಗುವವರು ಇಗರ್ಜಿಗೆ ಹೋಗುತ್ತಾರೆ, ಉಳಿದವರು ಹೋಗುವುದಿಲ್ಲ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಸತ್ತ ಹಿರಿಯರಿಗೆ ಎಡೆಯಿಡುವ ಪದ್ಧತಿ ಮತಗಳ ಗೆರೆ ದಾಟಿ ಬಂದಿದೆ. ಸಾತುಂಬೈಲಿನ ಸಿದ್ದಿ ನಾಸ್ ದೇವರ ಸನ್ನಿಧಿಗೆ ಮೂರೂ ಮತದವರು ಬರುತ್ತಾರೆ. ಡಮಾಮಿಯ ಬಡಿತಕ್ಕೆ ಕೂಡಿ ಕುಣಿಯುತ್ತಾರೆ.