ಎರಡನೆತ್ತೆ, ಅರ್ಧ

2025ರ ಅಕ್ಟೋಬರ್. ಸೀಗಿ ಹುಣ್ಣಿಮೆ ಮುಗಿದು ಮೂರ್ನಾಲ್ಕು ದಿನ. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ಒಂದು ದ್ರಾಕ್ಷಿ ತೋಟದ ಮನೆ. ವಿಜಯಪುರ ಶಹರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಸರಕಾರಿ ಶಾಲೆಯ ಅಕ್ಕೋರು ದಸರಾ ಸೂಟಿಯಲ್ಲೂ ಬಂದಿದ್ದಾರೆ, ಕೈಯಲ್ಲಿ ಸಮೀಕ್ಷೆಯ ಮೊಬೈಲು. ಸೆಪ್ಟೆಂಬರ್ 22ಕ್ಕೆ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸ್ಥಿತಿಗತಿಯ ಮನೆ ಮನೆ ಸಮೀಕ್ಷೆ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಸರಕಾರಿ ಶಾಲೆಗಳ ರಜೆಯನ್ನು 18ರವರೆಗೆ ಎಳೆದರು. ಒಟ್ಟು 60 ಪ್ರಶ್ನೆ. ಅರ್ಧಕ್ಕೆ ಬರುವಷ್ಟರಲ್ಲಿ ಪರದೆಯ ಮೇಲೆ ಚಕ್ರ ತಿರುಗತೊಡಗಿದೆ. ತೋಟದ ಯಜಮಾನರು, ಹಿಂದೊಮ್ಮೆ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರಾಗಿದ್ದವರು, ಕಟ್ಟೆಯ ಮೇಲೆ ಚಾಪೆ ಹಾಸಿದರು.

ಕಾಕಾ: ನಿಂತತೇನ್ರಿ ಅಕ್ಕೋರ?

ಅಕ್ಕೋರು: ತಿರುಗಾಕತ್ತೈತ್ರಿ ಕಾಕಾ. ಸರ್ವರ್ ಬಿಜಿ ಅಂತ ತೋರಸ್ತೈತಿ.

ಕಾಕಾ: ತಿರುಗಲಿ ಬಿಡ್ರಿ, ಅದಕ್ಕೂ ದಣಿವಾಗಿರ್ತೈತಿ. ಚಹಾ ಬರ್ತೈತಿ, ಕುಂದರ್ರಿ. ಅರ್ಧ ವರ್ಷ ಹೆಂಗ ಹೋತು ಸಾಲ್ಯಾಗ? ನಮ್ಮ ಮೊಮ್ಮಗನ್ನ ಕೇಳಿದ್ರ ಎರಡ ಮಾತು ಹೇಳ್ತಾನ. ಇವತ್ತ ಏನೋ ಇತ್ತು, ನಾಳಿ ಏನೋ ಐತಿ.

ಅಕ್ಕೋರು: ಅಂವ ಸುಳ್ಳು ಹೇಳಿಲ್ರಿ. ಈ ಫೋಟೋ ನೋಡ್ಕೋತ ಬರ್ರಿ. ಮೇ 29ಕ್ಕ ಬಾಗಿಲಿಗಿ ತೋರಣ ಕಟ್ಟಿ ಪ್ರಾರಂಭೋತ್ಸವ. ಜೂನ್ 5ಕ್ಕ ಸಸಿ ಹಚ್ಚಿದ್ದು. 21ಕ್ಕ ಯೋಗ. ನಡುವ ಸೇತುಬಂಧ. ಶಾಲಾ ಸಂಸತ್ತಿನ ಚುನಾವಣಿ, ಅದರಾಗ ನಿಮ್ಮ ಮೊಮ್ಮಗ ನೀರಿನ ಮಂತ್ರಿ ಆದ. ಜುಲೈ 2ಕ್ಕ ಹಳಕಟ್ಟಿಯವರ ಜಯಂತಿ. ಆಗಸ್ಟ್ 15. ವಲಯ ಮಟ್ಟದ ಖೋ ಖೋ, ಕಬಡ್ಡಿ. ಪ್ರತಿಭಾ ಕಾರಂಜಿ, ಅದಕ್ಕ ಹದಿನೈದು ದಿನ ತಯಾರಿ. ಶಿಕ್ಷಕರ ದಿನ, ಪ್ರಜಾಪ್ರಭುತ್ವ ದಿನ, ಪೋಷಣ ಮಾಸ. ತಿಂಗಳಿಗೊಮ್ಮೆ ಚೀಲ ಇಲ್ಲದ ಸಂಭ್ರಮ ಶನಿವಾರ. ಈ ಎಲ್ಲಾದರ ಸಂದ್ಯಾಗ ಪಾಠ.

ಕಾಕಾ: ಎಲ್ಲಾ ಫೋಟೋದಾಗೂ ಹುಡುಗೂರು ಸಾಲಾಗಿ ನಿಂತಾವಲ್ರಿ. ಸಸಿ ಹಚ್ಚೂದು ಒಂದರಾಗೂ ಇಲ್ಲ, ಸಸಿ ಹಿಡಕೊಂಡು ನಿಂತದ್ದ ಐತಿ.

ಅಕ್ಕೋರು: ಹಚ್ಚೂ ಮುಂದ ಕೈಯಾಗ ಮೊಬೈಲ್ ಇರಲಿಲ್ರಿ, ಗುದ್ದಲಿ ಇತ್ತು. ಆಮ್ಯಾಲೆ ಗ್ರೂಪ್‌ನ್ಯಾಗ ಫೋಟೋ ಹಾಕ್ರಿ ಅಂತ ಮೆಸೇಜ್ ಬಂತು. ಮತ್ತ ಹೊರಗ ಕರಕೊಂಡು ಬಂದು ನಿಂದರಿಸಿದೆ.

ಕಾಕಾ: ನಮ್ಮ ಬಿಜ್ಜರಗಿಯವರು, ಸಿದ್ಧೇಶ್ವರ ಅಪ್ಪಾರು, ಅಂಗಿಗಿ ಜೇಬ ಇಡಸಲಿಲ್ಲ. ಇಡೂದು ಏನೂ ಇಲ್ಲ ಅಂದ ಮ್ಯಾಲೆ ಜೇಬ್ಯಾಕ ಅಂತ. ನಿಮ್ಮ ಸಾಲಿ ನೋಡಿದ್ರ ಅಂಗಿಕಿಂತ ಜೇಬ ದೊಡ್ಡದಾದಂಗ ಕಾಣತೈತಿ.

ಅಕ್ಕೋರು: ಅಪ್ಪಾರ ಪ್ರವಚನಕ್ಕ ಜನ ತಾವಾಗೇ ಬರತಿದ್ರು. 2023ರ ಜನವರಿ 2ಕ್ಕ ಅವರು ಹ್ವಾದಾಗ ಶಹರದಾಗ ಕಾಲಿಡಾಕ ಜಾಗ ಇರಲಿಲ್ಲ, ನಾನೂ ನೋಡೀನಿ. ನಮ್ಮ ಸಾಲಿಗಿ ಯಾರು ಬರ್ತಾರ್ರಿ? ಕಾಯ್ದೆದಾಗ ಐದನೆತ್ತೆತನಕ ವರ್ಷಕ್ಕ 200 ದಿನ, 800 ತಾಸು ಕಲಿಸಬೇಕಂತ ಐತಿ. ಕಲಿಸಿದ್ದು ಕಣ್ಣಿಗಿ ಕಾಣೂದಿಲ್ಲ, ಕುಣಿಸಿದ್ದು ಕಾಣತೈತಿ. ಹಿಂಗಾಗಿ ಕೇಳೂವರು ಕುಣಿತಾನ ಕೇಳ್ತಾರ.

ಕಾಕಾ: ಈಗ ಬಂದ್ರಿ ನೋಡ್ರಿ ನನ್ನ ತ್ವಾಟದ ಕಡೆ. ನಮ್ಮದೂ ಒಂದು ಅರ್ಧ ವರ್ಷ ಐತಿ, ಏಪ್ರಿಲ್ ಚಾಟ್ನಿಯಿಂದ ಅಕ್ಟೋಬರ್ ಚಾಟ್ನಿತನಕ. ಏಪ್ರಿಲ್‌ನ್ಯಾಗ ಬಳ್ಳಿ ಬೋಳು ಮಾಡ್ತೀವಿ, ಹೊಸ ಕಡ್ಡಿ ಒಡೀತಾವ. ಬರೂ ವರ್ಷದ ಗೊನಿ ಯಾವಾಗ ಹುಟ್ಟತೈತಿ ಹೇಳ್ರಿ? ಜನವರಿಗಲ್ಲ. ಆ ಚಾಟ್ನಿ ಆಗಿ ನಲವತ್ತರಿಂದ ಅರವತ್ತು ದಿನದೊಳಗ, ಕಡ್ಡಿಯ ಕಣ್ಣಿನ್ಯಾಗ, ಸಾಸಿವಿಕಿಂತ ಸಣ್ಣದಾಗಿ ಕುಂತಿರ್ತೈತಿ. ಹೊರಗ ನೋಡಿದ್ರ ಬರೇ ಎಲಿ. ಆ ದಿನದಾಗ ಬಿಸಲು ತಾಗಬೇಕು. ಎಲಿ ದಟ್ಟಾಗಿ ಒಂದರ ನೆಳ್ಳು ಒಂದರ ಮ್ಯಾಲೆ ಬಿತ್ತಂದ್ರ ಕಣ್ಣು ಬಂಜಿ ಆಗತಾವ. ಅಕ್ಟೋಬರ್‌ದಾಗ ಕತ್ತರಿ ಹಾಕಿದ್ರ ಬಳ್ಳಿ ಬರತೈತಿ, ಗೊನಿ ಇಲ್ಲ.

ಅಕ್ಕೋರು: ಅಂದ್ರ ನಮ್ಮ ಕಾರ್ಯಕ್ರಮ ಎಲ್ಲಾ ಎಲಿ ಅಂತೀರಿ.

ಕಾಕಾ: ಎಲಿ ಬ್ಯಾಡ ಅಂದಿಲ್ರಿ. ಎಲಿ ಇಲ್ಲಂದ್ರ ಬಳ್ಳಿ ಏನು ಉಂಡೀತು? ನನ್ನ ಮಾತು ಬ್ಯಾರೆ ಐತಿ. ಈಗ ಲ್ಯಾಬ್ ಬಂದಾವ. ಚಾಟ್ನಿಗಿ ಮುಂಚೆ ಹೊಲದ ನಾಕು ಕಡೆಯಿಂದ ಕಡ್ಡಿ ಕೊಯ್ದು ಒಯ್ದು ಕೊಟ್ರ, ಕಣ್ಣು ಸೀಳಿ ಸೂಕ್ಷ್ಮದರ್ಶಕದಾಗ ನೋಡಿ ಗೊನಿ ಐತೋ ಇಲ್ಲೋ ಬರದು ಕೊಡ್ತಾರ. ನಾನೂ ಮೊನ್ನೆ ಒಯ್ದಿದ್ದೆ. ಮಳಿ ಬಿಡವಲ್ದು, ಚಾಟ್ನಿ ಮುಂದಕ್ಕ ಹಾಕೀನಿ. ಆದ್ರ ಆ ಸೀಳಿದ ಕಣ್ಣು ಮುಂದ ಗೊನಿ ಬಿಡತೈತೇನ್ರಿ? ಅದಕ್ಕ ಹತ್ತಿಪ್ಪತ್ತು ಕಡ್ಡಿ ಅಷ್ಟ ಒಯ್ತೀವಿ. ಎಲ್ಲಾ ಬಳ್ಳಿ ಸೀಳಿ ನೋಡ್ತೀನಿ ಅಂದ್ರ ರಿಪೋರ್ಟ್ ಚೊಲೋ ಬರತೈತಿ, ತ್ವಾಟ ಹೋಗತೈತಿ.

(ಅಕ್ಕೋರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರೈತರ ಹೋಲಿಕೆಗಳ ತೊಂದರೆಯೇ ಇದು: ಕೇಳಿದ ಕೂಡಲೇ ತಲೆ ಆಡಿಸಬೇಕೆನಿಸುತ್ತದೆ. ಅವರು ಆಡಿಸಲಿಲ್ಲ ಎಂಬ ಕಾರಣಕ್ಕೇ ಈ ಮಾತುಕತೆ ಬರೆದಿಟ್ಟೆ.)

ಅಕ್ಕೋರು: ಕಾಕಾ, ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಒಂದು ಬಳ್ಳಿಗಿ ಎಷ್ಟು ಚಿಗುರು ಬಿಡ್ತೀರಿ?

ಕಾಕಾ: ಬೇಕಾದಷ್ಟ ಇಟ್ಟು ಉಳದದ್ದು ಮುರದ ಹಾಕತೀವಿ.

ಅಕ್ಕೋರು: ಸಣಕಲು ಇದ್ದದ್ದು?

ಕಾಕಾ: ಅದ ಮೊದಲ.

ಅಕ್ಕೋರು: ಅಲ್ಲಿಗೇ ನಿಮ್ಮ ತ್ವಾಟ, ನನ್ನ ಸಾಲಿ ಬ್ಯಾರೆ ಆದೂವು. ನಾ ಒಂದೂ ಚಿಗುರು ಮುರದ ಹಾಕಂಗಿಲ್ಲ. ಸಣಕಲು ಇದ್ದದ್ದಕ್ಕ ನನ್ನ ಅರ್ಧ ದಿನ ಹೋಗಬೇಕು. ನಿಮಗ ಯಾವ ಗೊನಿ ಬೇಕು ಮೊದಲ ಗೊತ್ತೈತಿ. ಥಾಮ್ಸನ್ ಹಚ್ಚಿದ್ರ ಥಾಮ್ಸನ್, ಮಾಣಿಕ ಚಮನ್ ಹಚ್ಚಿದ್ರ ಮಾಣಿಕ ಚಮನ್. ನನ್ನ ವರ್ಗದಾಗ ಯಾವ ಕಡ್ಡ್ಯಾಗ ಏನು ಐತಿ ಆ ಕೂಸಿನ ಅವ್ವಗೂ ಗೊತ್ತಿಲ್ಲ. ಅದಕ್ಕ ಖೋ ಖೋನೂ ಆಡಸಬೇಕು, ಛದ್ಮವೇಷನೂ ಹಾಕಸಬೇಕು. ಯಾವ ಬಾಗಿಲದಾಗ ಯಾರು ಹೊರಗ ಬರ್ತಾರೋ.

ಕಾಕಾ: ಹೂಂ. ಅದು ಖರೆ.

ಅಕ್ಕೋರು: ನೀವು ಅಂದದ್ದೂ ಪೂರಾ ಸುಳ್ಳಲ್ಲ. ಹಳಕಟ್ಟಿ ಜಯಂತಿ ದಿನ ಒಬ್ಬಾಂವ ಭಾಷಣ ಮಾಡಿದ. ಊರೂರು ತಿರುಗಿ ವಚನದ ತಾಡೋಲಿ ಕೂಡಿಸಿದ್ರು, 1926ರಾಗ ಶಿವಾನುಭವ ಪತ್ರಿಕಾ ತಗದ್ರು ಅಂತ ಬಾಯಿಪಾಠ ಒಪ್ಪಿಸಿದ. ಇಳದು ಬಂದು ನನ್ನ ಸೀರಿ ಸೆರಗ ಜಗ್ಗಿ ಕೇಳ್ತಾನ, ಟೀಚರ್, ಮಂದಿ ಮನ್ಯಾಗಿನ ತಾಡೋಲಿ ಕೇಳಿದ್ರ ಅವರು ಕೊಟ್ಟಬಿಡತಿದ್ರೇನು? ದೇವರ ಜಗಲಿ ಮ್ಯಾಲೆ ಇಟ್ಟದ್ದನ್ನ ಯಾಕ ಕೊಡ್ತಾರ?

ಕಾಕಾ: ಎಂಥಾ ಪ್ರಶ್ನಿ ಕೇಳಿದ!

ಅಕ್ಕೋರು: ಹೌದಲ್ರಿ! ಈಗ ಮನಿ ಮನಿ ತಿರುಗೂ ಮುಂದ ಆ ಪ್ರಶ್ನಿ ದಿನಾ ನೆನಪಾಗತೈತಿ. ಒಂದೊಂದು ಮನ್ಯಾಗ ಆಧಾರ್ ನಂಬರ ಕೊಡಾಕ ಒಲ್ಲೆ ಅಂತಾರ. ದೇವರ ಜಗಲಿ ಮ್ಯಾಲಿನ ಕಟ್ಟು ಬಿಚ್ಚಿಸೂದು ಅಂದ್ರ ಎಷ್ಟು ನಂಬಿಕಿ ಗಳಿಸಿರಬೇಕು. ಆವತ್ತ ಆ ಪ್ರಶ್ನಿ ಹಿಡಕೊಂಡು ಒಂದು ತಾಸು ಕುಂತಿದ್ರ ಅದ ಖರೆ ಜಯಂತಿ ಆಗತಿತ್ತು. ನಾ ಏನಂದೆ? ಆಮ್ಯಾಲೆ ಹೇಳತೀನಿ, ಈಗ ಫೋಟೋಕ್ಕ ನಿಂದ್ರು ಅಂದೆ. ಆಮ್ಯಾಲೆ ಅನ್ನೂದು ಬರಲೇ ಇಲ್ಲ.

ಕಾಕಾ: ಸೀಳಿದ ಕಣ್ಣು.

ಅಕ್ಕೋರು: ಸೀಳಿದ್ದ.

ಕಾಕಾ: ನಾವು ಸಣ್ಣಾವರಿದ್ದಾಗೂ ಈ ಅರ್ಧ ವರ್ಷ ಖಾಲಿ ಇರಲಿಲ್ರಿ. ಲೆಕ್ಕ ಹಾಕ್ರಿ. ಕಾರ ಹುಣ್ಣಿಮಿಗಿ ಎತ್ತಿಗಿ ಬಣ್ಣ ಬಳೀತಿದ್ವಿ. ಮಣ್ಣೆತ್ತಿನ ಅಮಾಸಿಗಿ ಕೆರಿ ಮಣ್ಣು ತಂದು ಎತ್ತು ಮಾಡ್ತಿದ್ವಿ. ಆಷಾಢ ಮಂಗಳವಾರ ಗುಳ್ಳವ್ವ, ಅದು ಹೆಣಮಕ್ಕಳದು. ಪಂಚಮಿಗಿ ಜೋಕಾಲಿ. ಭಾದ್ರಪದದಾಗ ಜೋಕುಮಾರ. ಮೊನ್ನೆ ಆತಲ್ರಿ ಸೀಗಿ ಹುಣ್ಣಿಮಿ, ಹೊಲಕ್ಕ ಚರಗ ಚೆಲ್ಲೂದು. ಜೂನ್‌ದಿಂದ ಅಕ್ಟೋಬರತನಕ ನಿಮ್ಮ ಪಟ್ಟಿಯಷ್ಟ ಉದ್ದ. ಒಂದಕ್ಕೂ ವರದಿ ಇರಲಿಲ್ಲ.

ಅಕ್ಕೋರು: ಪ್ರತಿಭಾ ಕಾರಂಜ್ಯಾಗ ಮಣ್ಣಿನ ಮಾದರಿ ಅಂತ ಸ್ಪರ್ಧಾ ಐತ್ರಿ. ನಿಮ್ಮ ಮಣ್ಣೆತ್ತು ಅಲ್ಲಿಗಿ ಬಂದೈತಿ.

ಕಾಕಾ: ಬಂದೈತಿ, ಖರೆ. ಆದ್ರ ನಾವು ಮಾಡಿದ ಎತ್ತಿಗಿ ಮಾರ್ಕ್ಸ್ ಹಾಕಾವರು ಇರಲಿಲ್ಲ. ಕೋಡು ಸೊಟ್ಟ ಆದ್ರೂ ಅವ್ವ ಪೂಜಿ ಮಾಡತಿದ್ಳು. ನನ್ನ ಎತ್ತಿಗಿ ಒಮ್ಮೆ ಮೂರ ಕಾಲು ನಿಂತಿದ್ದೂವು, ನಾಕನೇದ್ದು ಮುರದಿತ್ತು. ಅದಕ್ಕೂ ಕುಂಕುಮ ಹಚ್ಚಿದ್ಳು. ಮರುದಿನ ನೀರಿಗಿ ಬಿಟ್ಟ್ವಿ. ಮಾಡಿದ್ದು ಕರಗಿ ಹೋಗತಿತ್ತು, ಮಾಡಿದ ಕೈ ಉಳೀತಿತ್ತು. ಈಗ ಕೈಗಿಂತ ಫೋಟೋ ಉಳೀತೈತಿ.

ಅಕ್ಕೋರು: ಚೆಂದ ಹೇಳಿದ್ರಿ. ಈಗ ನನ್ನ ಪಾಳಿ. ಪಂಚಮಿ ಜೋಕಾಲಿ ಎಲ್ಲಿ ಕಟ್ಟತಿದ್ರಿ?

ಕಾಕಾ: ಗೌಡರ ಹಿತ್ತಲದ ಬೇವಿನ ಮರಕ್ಕ.

ಅಕ್ಕೋರು: ಕೇರಿ ಹುಡುಗೂರು ಅಲ್ಲಿ ಜೀಕತಿದ್ರೇನು?

(ಕಾಕಾ ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಚಾಟ್ನಿ ಕತ್ತರಿಯ ಬಾಯಿಯನ್ನು ಧೋತರದ ಅಂಚಿಗೆ ಒರೆಸಿ ಮತ್ತೆ ಒರೆಸಿದರು.)

ಅಕ್ಕೋರು: ನಿಮ್ಮನ್ನ ಆಡಿಕೊಳ್ಳಾಕ ಕೇಳಿಲ್ರಿ ಕಾಕಾ. ನಿಮ್ಮ ಆ ಪಟ್ಟಿ ಚೆಂದ ಇತ್ತು, ಒಳಗ ಇದ್ದಾವರಿಗಿ. ನನ್ನ ಪಟ್ಟಿ ಗಡಿಬಿಡಿಯದು, ಅರ್ಧ ತೋರಿಕಿದು. ಆದ್ರ ಅದರಾಗ ಹೊರಗ ನಿಂದ್ರಾವರು ಯಾರೂ ಇಲ್ಲ. ಖೋ ಖೋದಾಗ ಬೆನ್ನಿಗಿ ಕೈ ಹಚ್ಚಿ ಖೋ ಅನ್ನಲೇಬೇಕು. ಮುಟ್ಟದ ಆಡಾಕ ಬರಂಗಿಲ್ಲ ಆ ಆಟ.

ಕಾಕಾ: ... ಇಲ್ರಿ. ಜೀಕತಿರಲಿಲ್ಲ. ದೂರ ನಿಂತು ನೋಡತಿದ್ರು. ಅವರು ಅಲ್ಲಿ ನಿಂತದ್ದು ನಂಗ ನೆನಪೈತಿ ಅಂದ್ರ, ಆವತ್ತೂ ನಾ ನೋಡಿದ್ದೆ ಅಂತ ಆತು.

ಅಕ್ಕೋರು: ಇನ್ನೊಂದು ಹೇಳತೀನಿ. ಖೋ ಖೋದಾಗ ನಮ್ಮ ಸಾಲಿ ಮುಂದ ಹೋತಲ್ಲ, ಅದು ಒಂದು ತಾಂಡಾದ ಹುಡುಗಿಯಿಂದ. ಐದನೆತ್ತೆ. ದೀಪಾವಳಿ ಆತಂದ್ರ ಅವರಪ್ಪ ಅವ್ವ ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ ಹೋಗ್ತಾರ, ತಮ್ಮನ್ನ ಎತ್ತಿಕೊಳ್ಳಾಕ ಇಕಿನೂ ಹೋಗ್ತಾಳ. ತಿರುಗಿ ಬರೂದು ಯುಗಾದಿ ಹೊತ್ತಿಗಿ. ನಾವು ಅರ್ಧ ವರ್ಷ ಅಂತೀವಿ, ಅಕಿಗಿ ವರ್ಷ ಅಂದ್ರ ಇಷ್ಟ. ಈ ನಾಕು ತಿಂಗಳದಾಗ ನಾ ಏನು ಕೊಡಲಿ? ಭಾಗಾಕಾರ ಕೊಡಲ್ಯೋ, ಖೋ ಖೋ ಕೊಡಲ್ಯೋ?

ಕಾಕಾ: ಎರಡೂ ಕೊಡ್ರಿ ಅನ್ನೂದು ಸಸಾರ. ಒಂದ ಅಂದ್ರ ಭಾಗಾಕಾರ. ಗುತ್ತೇದಾರ ಟನ್ನಿಗಿ ಎಷ್ಟು ಮುರಕೊಂಡ ಅಂತ ಅಕಿಗರ ತಿಳೀಲಿ.

ಅಕ್ಕೋರು: ನಾನೂ ಹಂಗ ಅಂದುಕೊಂಡಿದ್ದೆ. ಆದ್ರ ಜುಲೈತನಕ ಆ ಹುಡುಗಿ ವರ್ಗದಾಗ ಬಾಯಿ ಬಿಟ್ಟಿರಲಿಲ್ಲ. ಖೋ ಖೋದಾಗ ಗೆದ್ದ ಮರುದಿನ ಕೈ ಎತ್ತಿದ್ಳು. ಭಾಗಾಕಾರಕ್ಕ. ತಪ್ಪ ಹೇಳಿದ್ಳು, ಆದ್ರ ಎತ್ತಿದ್ಳು. ಅಂದ್ರ ನೀವು ಅಂದ ಎಲಿ ಯಾವುದು, ಗೊನಿ ಯಾವುದು? ನಂಗ ಬ್ಯಾರೆ ಮಾಡಾಕ ಆಗವಲ್ದು.

ಕಾಕಾ: ಅಕಿ ಕೈ ಎತ್ತಿದ ಫೋಟೋ ಐತೇನ್ರಿ?

ಅಕ್ಕೋರು: ಇಲ್ರಿ. ಕಪ್ ಹಿಡಕೊಂಡದ್ದು ಐತಿ.

ಕಾಕಾ: ಅಷ್ಟ ನಾ ಹೇಳಿದ್ದು.

ಅಕ್ಕೋರು: ಕಪ್ ಇರಲಿಲ್ಲಂದ್ರ ಕೈ ಏಳತಿರಲಿಲ್ಲ. ಅಷ್ಟ ನಾ ಹೇಳಿದ್ದು.

(ಇಬ್ಬರೂ ನಕ್ಕರು. ಚಹಾ ಬಂತು. ಅದೇ ಹೊತ್ತಿಗೆ ಚಕ್ರ ನಿಂತು ಪರದೆ ತೆರೆದುಕೊಂಡಿತು. ಕಾಕಾರ ಸರದಿ ಮುಗಿದಿತ್ತು, ಮುಂದಿನ ಹೆಸರು ಮನೆಯಾಕೆಯದು.)

ಅಕ್ಕೋರು: ಕಾಕೂ, ನಿಮ್ಮ ಓದು ಎಲ್ಲಿತನಕ ಆಗೈತ್ರಿ?

ಕಾಕು: ಎರಡನೆತ್ತೆ. ಅರ್ಧ.

ಅಕ್ಕೋರು: ಅರ್ಧ ಅಂದ್ರ?

ಕಾಕು: 72ರ ಬರ ಬಿತ್ತಲ್ಲವ್ವ. ದಸರಾ ಸೂಟಿ ಬಿಟ್ರು, ಅವ್ವನ ಕೂಡ ಬರದ ಕೆಲಸಕ್ಕ ಖಡಿ ಒಡಿಯಾಕ ಹೋದೆ. ಸಾಲಿ ತಗದ್ರು ಅಂತ ಕೇಳಿದೆ, ನಾ ಹೋಗಲಿಲ್ಲ.

ಕಾಕಾ: ಇದು ನಂಗೂ ಹೇಳಿಲ್ಲ ನೀನು.

ಕಾಕು: ನೀವು ಕೇಳಿದ್ರ್ಯಾ?

ಅಕ್ಕೋರು: ಆ ಅರ್ಧ ವರ್ಷದಾಗ ಕಲತದ್ದು ಏನರ ನೆನಪೈತೇನ್ರಿ?

ಕಾಕು: ಅಕ್ಷರ ಎಲ್ಲಾ ಹೋದೂವು. ಮಾಸ್ತರು ಒಂದಿನ ಎಲ್ಲಾರ್ನೂ ಬಿಜಾಪುರಕ್ಕ ಕರಕೊಂಡು ಹೋಗಿದ್ರು, ಗೋಲಗುಮ್ಮಟಕ್ಕ. ಮ್ಯಾಲೆ ಹತ್ತಿ, ನಿಮ್ಮ ನಿಮ್ಮ ಹೆಸರು ಕೂಗ್ರಿ ಅಂದ್ರು. ನಾ ಕೂಗಿದೆ. ಏಳು ಸಲ ತಿರುಗಿ ಬಂತು. ಮನ್ಯಾಗ ಎಲ್ಲಾರೂ ಏ ಹುಡುಗಿ ಅಂತಿದ್ರು, ಹೆಸರು ಹಿಡದು ಯಾರೂ ಕರೀತಿರಲಿಲ್ಲ. ಆವತ್ತ ಅಷ್ಟು ದೊಡ್ಡ ಗುಮ್ಮಟ ಕರೀತು.

(ಕಾಕಾ ಲೋಟ ಕೆಳಗಿಟ್ಟರು.)

ಅಕ್ಕೋರು: ಇದರಾಗ ಅರ್ಧ ಅಂತ ಬರಿಯಾಕ ಜಾಗ ಇಲ್ರಿ ಕಾಕೂ. ಎರಡನೆತ್ತೆ ಅಂತ ಹಾಕಲ್ಯೋ, ಒಂದನೆತ್ತೆ ಅಂತ ಹಾಕಲ್ಯೋ?

ಕಾಕು: ಒಂದನೆತ್ತೆ ಪಾಸು ಅಂತ ಹಾಕವ್ವ. ಅರ್ಧದ್ದು ನನ್ನ ಕಡೆ ಇರಲಿ. ಚಹಾ ಆರತೈತಿ ನೋಡು, ಕುಡಿ.