ಎರಡು ಮೇಳಗಳ ಋಣ

ಒಬ್ಬನು ಏಕಕಾಲದಲ್ಲಿ ಎರಡು ಕೂಟಗಳಿಗೆ ನಿಷ್ಠನಾಗಿರಬಲ್ಲನೆ? ಮನೆ, ಸಂಘ, ಸಂಸ್ಥೆಗಳೊಡನೆ ಬಾಳುವವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯಿದು. ಕಲಾವಿದನಿಗೆ ಇದು ಇನ್ನೂ ತೀಕ್ಷ್ಣವಾದುದು. ಅವನು ಕೊಡುವುದು ಬರಿಯ ದುಡಿಮೆಯನ್ನಲ್ಲ, ಅಂತರಂಗದ ಸಾರವನ್ನು.

ಹೆಸರಾದ ಬೇರೆ ಬೇರೆ ಮೇಳಗಳವರು ಕಲೆತು ಹೊಸ ಮೇಳವೊಂದನ್ನು ಕಟ್ಟಿದರೆ ಅದನ್ನು ‘ಸೂಪರ್‌ಗ್ರೂಪ್’ ಎನ್ನುವ ವಾಡಿಕೆ ಅಮೆರಿಕದಲ್ಲುಂಟು. ಇಂಡಿ ರಾಕ್ ಸಂಗೀತದ ‘ದಿ ಪೋಸ್ಟಲ್ ಸರ್ವಿಸ್’ ಅಂತಹುದೊಂದು. ‘ಡೆತ್ ಕ್ಯಾಬ್ ಫಾರ್ ಕ್ಯೂಟಿ’ ಮೇಳದ ಗಾಯಕ ಬೆನ್ ಗಿಬ್ಬರ್ಡ್, ‘ಡಿಂಟೆಲ್’ ಎಂಬ ಹೆಸರಿನಿಂದ ಯಂತ್ರನಾದಗಳನ್ನು ಹೆಣೆಯುತ್ತಿದ್ದ ಜಿಮ್ಮಿ ಟ್ಯಾಂಬೊರೆಲ್ಲೊ, ‘ರೈಲೊ ಕೈಲಿ’ ಮೇಳದ ಜೆನ್ನಿ ಲೂಯಿಸ್, ಈ ಮೂವರು ಅದರಲ್ಲಿ ಸೇರಿದರು. ಟ್ಯಾಂಬೊರೆಲ್ಲೊ ಲಾಸ್ ಏಂಜಲೀಸಿನಿಂದ ನಾದವನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸುವನು. ಸಿಯಾಟಲ್ ನಗರದಲ್ಲಿದ್ದ ಗಿಬ್ಬರ್ಡ್ ಅದಕ್ಕೆ ಮಾತನ್ನೂ ಕಂಠವನ್ನೂ ಕೂಡಿಸಿ ಹಿಂದಿರುಗಿಸುವನು. ಹೀಗೆ ಸಿದ್ಧವಾದ ‘ಗಿವ್ ಅಪ್’ ಎಂಬ ಗೀತಸಂಪುಟ ೨೦೦೩ರಲ್ಲಿ ಹೊರಬಂದಿತು. ಅದೇ ವರ್ಷ ಗಿಬ್ಬರ್ಡನ ಮೂಲಮೇಳದ ‘ಟ್ರಾನ್ಸ್‌ಅಟ್ಲಾಂಟಿಸಿಸಮ್’ ಕೂಡ ಪ್ರಕಟವಾಯಿತು.

ಇಲ್ಲಿ ಒಂದು ಆಕ್ಷೇಪವುಂಟು. ಜೊತೆಗಾರರೊಡನೆ ಕಷ್ಟಸುಖಗಳನ್ನು ಹಂಚಿಕೊಂಡು ಬೆಳೆದವನು ತನ್ನ ಒಳ್ಳೆಯ ಹಾಡನ್ನು ಪರರ ಮೇಳಕ್ಕೆ ಕೊಡುವುದು ವಂಚನೆಯಲ್ಲವೆ? ಆಕ್ಷೇಪ ಹಗುರವಾದುದಲ್ಲ. ಆದರೆ ವಿಚಾರಿಸಿ ನೋಡಿದರೆ ಇಲ್ಲಿ ಎರಡು ಬಗೆಯ ಸ್ವತ್ತುಗಳು ಬೆರೆತಿರುವುದು ಕಾಣುತ್ತದೆ. ಪ್ರತಿಭೆ ಅವನದು, ಕೊಟ್ಟ ಮಾತು ಮತ್ತು ಕೂಡಿ ಗಳಿಸಿದ ಹೆಸರು ಎಲ್ಲರವು. ತನ್ನದನ್ನು ಹಂಚುವವನು ದಾನಿ. ಎಲ್ಲರದನ್ನು ಒಬ್ಬನೇ ವ್ಯಯಮಾಡುವವನು ಋಣಘಾತಕ. ಗಿಬ್ಬರ್ಡನು ಹೊಸ ಕೆಲಸವನ್ನು ಹೊಸ ಹೆಸರಿನಿಂದಲೇ ಮಾಡಿದನು, ಹಳೆಯ ಮೇಳದ ಕೆಲಸವನ್ನೂ ನಿಲ್ಲಿಸಲಿಲ್ಲ.

ಹೆಸರಿಗೆ ಒಡೆಯರುಂಟೆಂಬುದನ್ನು ಆ ಮೇಳವು ಬೇರೊಂದು ದಾರಿಯಿಂದ ಕಲಿಯಬೇಕಾಯಿತು. ‘ಪೋಸ್ಟಲ್ ಸರ್ವಿಸ್’ ತನ್ನ ಮುದ್ರೆಯೆಂದು ಅಮೆರಿಕದ ಅಂಚೆ ಇಲಾಖೆ ೨೦೦೩ರಲ್ಲಿ ಆಕ್ಷೇಪಿಸಿತು. ೨೦೦೪ರಲ್ಲಿ ಒಪ್ಪಂದವಾಗಿ, ಇಲಾಖೆ ಹೆಸರಿನ ಬಳಕೆಗೆ ಅನುಮತಿಯಿತ್ತಿತು. ಮೇಳವು ಅಂಚೆಯ ಅಧಿಕಾರಿಗಳ ಸಮ್ಮೇಳನದಲ್ಲಿ ಹಾಡಿತು. ಅಂಚೆಯಿಂದಲೇ ಹುಟ್ಟಿದ ಮೇಳಕ್ಕೆ ಅದು ಋಣಪರಿಹಾರವೆಂದರೂ ಸಲ್ಲುವುದು.

ಎರಡು ನಿಷ್ಠೆಗಳಿಗೆ ಬೆಲೆಯಿಲ್ಲವೆಂದಲ್ಲ. ‘ಗಿವ್ ಅಪ್’ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಮಟ್ಟವನ್ನು ಮುಟ್ಟಿದರೂ ಅದಕ್ಕೊಂದು ತಮ್ಮನು ಹುಟ್ಟಲಿಲ್ಲ. ಗಿಬ್ಬರ್ಡನು ಮೂಲಮೇಳಕ್ಕೆ ಮರಳಿದನು. ಕೇಳುವವರು ವರ್ಷಗಟ್ಟಲೆ ಕಾದರು. ಒಂದು ಆಯುಷ್ಯದಲ್ಲಿ ಎರಡು ಮನೆಗಳಿಗೂ ಸಮನಾಗಿ ನೀರೆರೆಯುವುದು ಸಾಧ್ಯವಿಲ್ಲ.

ಆದರೂ ೨೦೨೩ರಲ್ಲಿ, ಇಪ್ಪತ್ತು ವರ್ಷಗಳ ನೆನಪಿಗಾಗಿ ಎರಡು ಮೇಳಗಳೂ ಕೂಡಿ ಸಂಚಾರ ಹೊರಟವು. ಗಿಬ್ಬರ್ಡನು ಒಂದೇ ರಾತ್ರಿ, ಒಂದೇ ವೇದಿಕೆಯಲ್ಲಿ, ಮೊದಲು ಹಳೆಯ ಜೊತೆಗಾರರೊಡನೆ, ಬಳಿಕ ಮತ್ತೊಂದು ಮೇಳದೊಡನೆ ಹಾಡಿದನು. ಇವರನ್ನು ಅವರಿಂದ ಮರೆಮಾಚಬೇಕಾದ ಅಗತ್ಯವಿರಲಿಲ್ಲ. ನಿಷ್ಠೆಯ ಒರೆಗಲ್ಲು ಬಹುಶಃ ಇದೇ: ಎಲ್ಲಿ ಎರಡು ಕೂಟಗಳೂ ಒಂದನ್ನೊಂದು ಕಣ್ಣೆತ್ತಿ ನೋಡಬಲ್ಲವೋ ಅಲ್ಲಿ ದ್ರೋಹವಿಲ್ಲ.