ಸಮಾರ್ಯದವನು ಮರುದಿನ ಮಾಡಿದ್ದು



ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಸಮಾರ್ಯದವನೊಬ್ಬನು ಗಾಯಪಟ್ಟವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ್ದನ್ನು ನಾವೆಲ್ಲರೂ ಬಲ್ಲೆವು. ಮರುದಿನ ಅವನು ಮಾಡಿದ್ದನ್ನೋ ಬೇಗ ಮರೆತುಬಿಡುತ್ತೇವೆ. ಅವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ವೆಚ್ಚವಾದರೆ ತಿರಿಗಿ ಬರುವಾಗ ತೀರಿಸುವೆನೆಂದು ಹೇಳಿ ಹೋದನು. ಗಾಯ ಕಟ್ಟಿದ ಮಾತ್ರಕ್ಕೆ ನೋವು ತೀರುವದಿಲ್ಲವೆಂದು ಅವನು ಅರಿತಿದ್ದನು.

ಇದನ್ನು ಯಾಕೆ ಹೇಳುತ್ತೇವಂದರೆ, ಭಟ್ಕಳ, ಹೊನ್ನಾವರ, ಕುಮಟೆಗಳಿಂದ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವವರು ಬಹಳ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು. ಹೊಲಿಗೆ ಬಿಚ್ಚಿಸಿ ಬಂದ ಬಡವನು ಬಸ್ಸಿನ ಖರ್ಚಿಗೂ ಹೋದ ದಿನದ ಕೂಲಿಗೂ ಅಂಜಿ ಪುನಃ ಆ ದಾರಿ ಹಿಡಿಯನು. ಗಾಯ ಮಾಯುವದು, ಕೆಲವರಲ್ಲಿ ನೋವು ಉಳಿಯುವದು. ಮೂರು ತಿಂಗಳು ಮೀರಿ ನಿಲ್ಲುವ ಈ ನೋವನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಬೇರೆಯಾಗಿಯೇ ಎಣಿಸಿದೆ. ಹರ್ನಿಯಾ, ಸ್ತನ, ಎದೆ ಇವುಗಳ ಚಿಕಿತ್ಸೆಯಲ್ಲಿಯೂ ಕಾಲು ಕತ್ತರಿಸಿದಲ್ಲಿಯೂ ನರವು ಪೆಟ್ಟು ತಿಂದಿದ್ದರೆ ಉರಿಯುವದು, ಚುಚ್ಚುವದು. ಉಟ್ಟ ಬಟ್ಟೆ ತಾಗಿದರೂ ಸಹಿಸಲಾಗದು.

ಇಂಥವರನ್ನು ನೋಡಿ “ವಿಶ್ವಾಸ ಸಾಲದು” ಎನ್ನುವವರು ನಮ್ಮ ಸಭೆಗಳಲ್ಲಿ ಇಲ್ಲವೋ? ಅದು ಕ್ರೂರವಾದ ಮಾತು. ಪೌಲನು ಮೂರು ಸಾರಿ ಬೇಡಿಕೊಂಡರೂ ಅವನ ಶರೀರದ ಮುಳ್ಳು ಹೋಗಲಿಲ್ಲ. ಅವನು ಅವಿಶ್ವಾಸಿಯಾಗಿದ್ದನೋ?

ಇನ್ನು ಕೆಲವರು, ಕರ್ತನು ಶಿಲುಬೆಯಲ್ಲಿ ಸಹಿಸಿದನು, ನಾವೂ ಬಾಯಿ ಮುಚ್ಚಿ ಸಹಿಸಬೇಕೆನ್ನುತ್ತಾರೆ. ಕರ್ತನೋ ಮಹಾ ಧ್ವನಿಯಿಂದ ಕೂಗಿದನು! ಶಸ್ತ್ರಚಿಕಿತ್ಸೆಯ ಮೊದಲ ದಿನಗಳಲ್ಲಿ ನೋವು ತೀಕ್ಷ್ಣವಾಗಿದ್ದವರಿಗೇ ಅದು ಬಹುಕಾಲ ನಿಲ್ಲುವ ಸಂಭವ ಹೆಚ್ಚು. ಆದದರಿಂದ ದಾದಿಯನ್ನು ಕರೆದು ಹೇಳಿರಿ. ಮೊದಲೇ ಇದ್ದ ನೋವನ್ನೂ ಮನಸ್ಸಿನ ಭಯವನ್ನೂ ಚಿಕಿತ್ಸೆಗೆ ಮುಂಚೆ ವೈದ್ಯರಿಗೆ ತಿಳಿಸಿರಿ. ನರವನ್ನು ಮರಗಟ್ಟಿಸುವ ಚುಚ್ಚುಮದ್ದು ತಕ್ಕದ್ದೋ ಎಂದು ಕೇಳಿರಿ.

ಉಳಿದುಹೋದ ನೋವಿಗೂ ಉಪಾಯವುಂಟು. ನರದ ನೋವಿಗೆ ಬೇರೆ ಮದ್ದುಗಳಿವೆ; ವ್ಯಾಯಾಮ ಕಲಿಸುವವರಿದ್ದಾರೆ; ಮೆಲ್ಲಮೆಲ್ಲನೆ ನಡೆದು ಕೆಲಸಕ್ಕೆ ಮರಳುವದೂ ಚಿಕಿತ್ಸೆಯೇ. ಅಂಗಡಿಯ ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡಬಹುದು. ಜ್ವರವಾಗಲಿ ಕೀವಾಗಲಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಮುಂದಿನ ಆದಿತ್ಯವಾರ ಆರಾಧನೆ ಮುಗಿದ ಮೇಲೆ ಹಿರಿಯರು ವಿಚಾರಿಸಲಿ: ಈ ವರುಷ ಶಸ್ತ್ರಚಿಕಿತ್ಸೆಯಾದವರು ಯಾರು, ಅವರಿಗೆ ನಿದ್ದೆ ಬರುತ್ತದೋ, ಬಾವಿಯಿಂದ ನೀರು ಸೇದುವವರು ಯಾರು? ಪುನಃ ವೈದ್ಯರ ಬಳಿಗೆ ಹೋಗಬೇಕಾದವನ ಬಸ್ಸಿನ ಹಣವನ್ನು ಸಭೆಯ ಪೆಟ್ಟಿಗೆಯಿಂದ ತೆಗೆಯಲಿ, ಒಬ್ಬನು ಜೊತೆಗೆ ಹೋಗಲಿ.